ಹದಿನೇಳನೇ ಕಾಲಂನಿಂದ ‘ಸುಮ್ಮನೆ’ ಎಂಬ ಪದವನ್ನು ಹೊಡೆದುಹಾಕಲು ಕೋರಿ

ಇಂದ,
ಪರಿಶೀಲನಾ ಸಹಾಯಕ (ಹಿರಿಯ ಶ್ರೇಣಿ),
ಶಿಶುಪಾಲನಾ ಕೇಂದ್ರಗಳ ತಪಾಸಣಾ ವಿಭಾಗ,
ಎರಡನೇ ಮಹಡಿ, ಫ್ಯಾನ್ ಇಲ್ಲದ ಕಡೆ.
(ಸದ್ಯ ಗಳಿಕೆ ರಜೆಯಲ್ಲಿ)

ಗೆ,
ಮಾನ್ಯ ಅಧೀಕ್ಷಕರು,
ವರದಿ ತಿದ್ದುಪಡಿ ಶಾಖೆ,
ಅದೇ ಮಹಡಿ, ಫ್ಯಾನ್ ಇರುವ ಕಡೆ.

ವಿಷಯ: ನಾನೇ ಬರೆದ ತಪಾಸಣಾ ವರದಿಯ ಹದಿನೇಳನೇ ಕಾಲಂನಲ್ಲಿ ನಾನೇ ಬರೆದ ಒಂದು ಪದವನ್ನು ನಾನೇ ಹೊಡೆದುಹಾಕಲು ಅನುಮತಿ ಕೋರಿ (ಎರಡನೇ ಸಲ).

ಉಲ್ಲೇಖ:
1. ಸದರಿ ಕೇಂದ್ರದ ಬಗ್ಗೆ ನನ್ನ ತಪಾಸಣಾ ವರದಿ, ಮೂರು ತಿಂಗಳ ಹಿಂದಿನದು.
2. ಈ ತಿಂಗಳ ಹತ್ತನೇ ತಾರೀಖಿನ ನನ್ನ ಅರ್ಜಿ.
3. ಅದರ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ತಾವು ಬರೆದ ಹಿಂಬರಹ: “ಕೈತಪ್ಪೋ ಕಣ್ತಪ್ಪೋ? ಸ್ಪಷ್ಟಪಡಿಸಿ ಮರುಸಲ್ಲಿಸಿ.”
4. ನನ್ನ ಹೆಂಡತಿಯ ಮೌಖಿಕ ಹೇಳಿಕೆಗಳು, ಕಾಲಕಾಲಕ್ಕೆ.

ಮಾನ್ಯರೇ,

ತಮ್ಮ ಹಿಂಬರಹ ಐದೇ ದಿನದಲ್ಲಿ ಕೈಸೇರಿತು. ನಮ್ಮಿಬ್ಬರ ಮೇಜಿನ ನಡುವೆ ಹನ್ನೆರಡು ಹೆಜ್ಜೆ ದೂರವಿದ್ದು, ಸಾಮಾನ್ಯವಾಗಿ ಒಂದು ಕಡತ ಅಷ್ಟು ದೂರ ನಡೆಯಲು ಒಂದೂವರೆ ತಿಂಗಳು ತೆಗೆದುಕೊಳ್ಳುವುದರಿಂದ, ಈ ಶೀಘ್ರತೆಗೆ ಮೊದಲು ಧನ್ಯವಾದಗಳು. ವರದಿಯನ್ನು ತಿದ್ದಲು ನಮ್ಮ ನಿಯಮದಲ್ಲಿರುವುದು ಎರಡೇ ದಾರಿ ಎಂಬುದು ನನಗೂ ಗೊತ್ತು. ಸರಿಯಾಗಿ ಕಂಡು ತಪ್ಪಾಗಿ ಬರೆದಿದ್ದರೆ ಅದು ಕೈತಪ್ಪು. ಕಂಡಿದ್ದೇ ತಪ್ಪಾಗಿದ್ದರೆ ಅದು ಕಣ್ತಪ್ಪು. ನನ್ನದು ಎರಡರಲ್ಲಿ ಯಾವುದೆಂದು ಆರು ದಿನ ಯೋಚಿಸಿದ್ದೇನೆ. ಆ ಯೋಚನೆಯ ಫಲವನ್ನು ಈ ಕೆಳಗಿನ ಅಂಶಗಳ ರೂಪದಲ್ಲಿ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಅರ್ಜಿ ಉದ್ದವಾಗಿದೆ. ಚಹಾ ತರಿಸಿಕೊಂಡು ಓದುವುದು ಒಳ್ಳೆಯದು.

1. ಸದರಿ ಕೇಂದ್ರವು ಬಸ್ ಡಿಪೋದ ಹಿಂದಿನ ಬೀದಿಯಲ್ಲಿದೆ. ಪಕ್ಕದಲ್ಲಿ ಸೈಕಲ್ ರಿಪೇರಿ ಅಂಗಡಿ, ಎದುರಿಗೆ ಲಾಂಡ್ರಿ. ಒಳಗೆ ಸಾಲಾಗಿ ಮೂರು ಕೋಣೆ, ಹಿಂಭಾಗದಲ್ಲಿ ಒಂದು ಚಿಕ್ಕ ಬಟ್ಟೆ ಕೋಣೆ. ನಡುವಿನ ಕೋಣೆಯಲ್ಲಿ ಒಂದೂವರೆಯಿಂದ ಮೂರು ವರ್ಷದವರೆಗಿನ ಒಂಬತ್ತು ಮಕ್ಕಳು. ಅವರನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿರಬಹುದು. ಮಕ್ಕಳು ಕರೆಯುವುದು ‘ಕೂತಕ್ಕ’ ಎಂದು. ಯಾವಾಗ ನೋಡಿದರೂ ನೆಲದ ಮೇಲೆ ಕೂತಿರುವ ಅಕ್ಕ, ಆದ ಕಾರಣ ಕೂತಕ್ಕ.

2. ತಪಾಸಣೆಯ ದಿನ ನಾನು ನಲವತ್ತೆರಡು ಕಾಲಂಗಳ ನಮೂನೆಯನ್ನು ಹಲಗೆಗೆ ಸಿಕ್ಕಿಸಿಕೊಂಡು, ಕಾಲಂಗೆ ಒಂದು ಅಂಕದಂತೆ ಹಾಕುತ್ತಾ, ಹದಿನಾರರವರೆಗೆ ಸುಸೂತ್ರವಾಗಿ ಬಂದೆ. ಹದಿನೇಳನೇ ಕಾಲಂ: “ತಪಾಸಣೆಯ ವೇಳೆ ಸಿಬ್ಬಂದಿ ಏನು ಮಾಡುತ್ತಿದ್ದರು?” ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೂತಕ್ಕ ಗೋಡೆಗೆ ಒರಗಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಎದುರಿಗೆ ಒಂದು ಹೆಣ್ಣುಮಗು ಎಡಗಾಲಿನ ಶೂವನ್ನು ಬಲಗಾಲಿಗೆ ಹಾಕಿಕೊಳ್ಳಲು ಹೆಣಗಾಡುತ್ತಿತ್ತು. ನನ್ನ ಗಡಿಯಾರದ ಪ್ರಕಾರ ಹನ್ನೊಂದು ನಿಮಿಷ. ಅಷ್ಟು ಹೊತ್ತೂ ಕೂತಕ್ಕನ ಕಣ್ಣು ಆ ಶೂ ಮೇಲಿತ್ತು, ಕೈ ಮಡಿಲಲ್ಲೇ ಇತ್ತು.

“ಬನ್ನಿ ಸಾರ್, ಕೂತ್ಕೊಳ್ಳಿ,” ಎಂದು ಅವರು ಪಕ್ಕದ ಚಾಪೆ ತೋರಿಸಿದರು.

“ತಪಾಸಣೆಗೆ ಬಂದೋರು ಕೂರೋ ಹಾಗಿಲ್ಲ,” ಎಂದೆ. ಅಂಥ ನಿಯಮವೇನೂ ಇಲ್ಲ. ಪ್ಯಾಂಟಿಗೆ ಇಸ್ತ್ರಿ ಮಾಡಿಸಿದ್ದೆ.

ನಂತರ ಬರೆದೆ: “ಸಿಬ್ಬಂದಿ ಸುಮ್ಮನೆ ಕೂತಿದ್ದರು. ಮಗುವಿನ ಕಷ್ಟ ಕಂಡರೂ ಸಹಾಯ ಮಾಡಲಿಲ್ಲ.” ಅಂಕ ಸೊನ್ನೆ.

3. ವರದಿ ತಲುಪಿದ ಮೇಲೆ ಕೇಂದ್ರದ ಮುಖ್ಯಸ್ಥೆ, ಎಲ್ಲರೂ ‘ದೊಡ್ಡ ಮೇಡಂ’ ಎನ್ನುವವರು, ವಾರದೊಳಗೆ ಕ್ರಮ ಕೈಗೊಂಡರು. ಕೂತಕ್ಕನನ್ನು ಹಿಂಭಾಗದ ಬಟ್ಟೆ ಕೋಣೆಗೆ ಹಾಕಿದರು. ಟವೆಲ್ಲು, ಹೊದಿಕೆ, ಉಣಿಸುವಾಗ ಮಕ್ಕಳಿಗೆ ಕಟ್ಟುವ ಎದೆಬಟ್ಟೆ ಮಡಿಸಿ ಜೋಡಿಸುವ ಕೆಲಸ. ನಡುವಿನ ಕೋಣೆಗೆ ಚುರುಕಾದ ಒಬ್ಬ ಹುಡುಗಿ ಬಂದಳು. ಅವಳನ್ನು ನಾನು ‘ಚಾರ್ಟ್ ಮಿಸ್’ ಎಂದು ಕರೆಯುತ್ತೇನೆ, ಗೋಡೆಯ ಮೇಲೆ ಗೋಡೆ ಕಾಣದಷ್ಟು ಚಾರ್ಟ್ ಹಾಕಿದ್ದಾಳೆ. ಚಾಪೆಗಳನ್ನು ಸುತ್ತಿ ಅಟ್ಟಕ್ಕೆ ಎಸೆಯಲಾಯಿತು. ಕೆಲಸದ ವೇಳೆಯಲ್ಲಿ ಯಾವ ಸಿಬ್ಬಂದಿಯೂ ಕೂರಬಾರದೆಂದು ಸುತ್ತೋಲೆ ಹೊರಟಿತು.

4. ಒಂದು ತಿಂಗಳ ತರುವಾಯ ನಾನೇ ಮರುತಪಾಸಣೆ ಮಾಡಿ, “ಎಲ್ಲ ಸಿಬ್ಬಂದಿ ನಿಂತಿದ್ದರು, ಗಮನಾರ್ಹ ಸುಧಾರಣೆ” ಎಂದು ಬರೆದು, ನಲವತ್ತೆರಡಕ್ಕೆ ನಲವತ್ತೊಂದು ಅಂಕ ಕೊಟ್ಟೆ. ಕಳೆದ ಒಂದು ಅಂಕ ನಲ್ಲಿ ಸೋರುತ್ತಿದ್ದುದಕ್ಕೆ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ನಾನು ಯಾರಿಗೂ ಅಷ್ಟು ಕೊಟ್ಟಿರಲಿಲ್ಲ. ಮನೆಗೆ ಹೋಗಿ ಹೇಳಿಕೊಂಡು ಬೀಗಿದೆ.

5. ಬೀಗಿದ್ದರ ಫಲ ಹೀಗಿದೆ. ನನ್ನ ಮಗಳು ಮತ್ತೆ ಕೆಲಸಕ್ಕೆ ಸೇರುವವಳಿದ್ದಳು. ಅಳಿಯನದು ಪಾಳಿ ಕೆಲಸ. ಎರಡು ವರ್ಷ ಮೂರು ತಿಂಗಳ ಮೊಮ್ಮಗನನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆ ಬಂತು. ಸದರಿ ಮೊಮ್ಮಗ ಆ ದಿನದವರೆಗೆ ಆಡುತ್ತಿದ್ದುದು ಒಂದೇ ಮಾತು: “ಊಂಹೂಂ.” ಹಾಲು ಬೇಕೇ ಎಂದರೂ ಊಂಹೂಂ, ಬೇಡವೇ ಎಂದರೂ ಊಂಹೂಂ. ಆದ್ದರಿಂದ ಮನೆಯಲ್ಲಿ ಅವನಿಗೆ ‘ಊಂಹೂಂ ಸಾಹೇಬರು’ ಎಂದೇ ಹೆಸರು.

“ಅಪ್ಪಾ, ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೀಯ. ಒಳ್ಳೇದು ಯಾವ್ದು ಹೇಳು,” ಎಂದಳು ಮಗಳು.

“ಕಣ್ಮುಚ್ಚಿ ಸೇರಿಸು ಮಗಳೇ. ನಲವತ್ತೊಂದು ಬಂದಿದೆ.”

“ರೀ, ಆ ನಲವತ್ತೊಂದು ಬಂದಿದ್ದು ಗೋಡೆಗಾ, ಮಕ್ಕಳಿಗಾ?” ಎಂದು ನನ್ನ ಹೆಂಡತಿ ಒಳಗಿನಿಂದ ಕೇಳಿದಳು.

6. ಹೊಸ ಮಗು ಹೊಂದಿಕೊಳ್ಳುವವರೆಗೆ ಮನೆಯವರೊಬ್ಬರು ಜೊತೆಗಿರಬೇಕೆಂಬುದು ಕೇಂದ್ರದ ಪದ್ಧತಿ. ಹೆಂಡತಿಗೆ ಮಂಡಿನೋವು. ಆದ ಕಾರಣ ಈ ತಿಂಗಳ ಒಂದನೇ ತಾರೀಖಿನಿಂದ ನಾನು ರಜೆ ಹಾಕಿ, ಮೊಮ್ಮಗನ ಕೈಹಿಡಿದು ನಡುವಿನ ಕೋಣೆಯಲ್ಲಿ ಹಾಜರಾದೆ. ನನಗೊಂದು ಮಕ್ಕಳ ಕುರ್ಚಿ ಕೊಟ್ಟರು. ಅದರಲ್ಲಿ ಕೂತಾಗ ನನ್ನ ತಲೆ ಮಕ್ಕಳ ತಲೆಯ ಎತ್ತರಕ್ಕೆ ಬಂತು. ಆ ಎತ್ತರದಿಂದ ನಾನು ಯಾವ ಕೇಂದ್ರವನ್ನೂ ನೋಡಿರಲಿಲ್ಲ. ಅಲ್ಲಿಂದ ಕಾಣುವುದು ಮೊಣಕಾಲುಗಳು. ದೊಡ್ಡವರೆಲ್ಲ ನಿಂತೇ ಇರುವುದರಿಂದ ಮುಖ ನೋಡಬೇಕಾದರೆ ಮಗು ಕುತ್ತಿಗೆ ಹಿಂದಕ್ಕೆ ಬಾಗಿಸಬೇಕು. ಬಾಗಿಸಿದರೆ ಬೀಳುತ್ತದೆ. ಒಂದೇ ಬೆಳಗ್ಗೆ ಮೂವರು ಬಿದ್ದರು.

“ಯಾಕೆ ಮೇಡಂ, ಯಾರೂ ಕೂರೋದೇ ಇಲ್ಲ?” ಎಂದು ದೊಡ್ಡ ಮೇಡಂ ಅವರನ್ನು ಕೇಳಿದೆ.

“ನೀವೇ ಬರೆದಿದ್ದಲ್ವಾ ಸಾರ್ ಕೂತಿದ್ರು ಅಂತ! ಈಗ ಯಾರೂ ಕೂರಲ್ಲ. ಆಫೀಸಲ್ಲಿ ನಾನೂ ಕೂರಲ್ಲ. ಬೆನ್ನು ಹಿಡ್ಕೊಂಡ್ಬಿಟ್ಟಿದೆ,” ಎಂದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ನಲವತ್ತೊಂದು ಅಂಕದ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಬಾಗಿಲಿಗೆ ತೂಗುಹಾಕಿದ್ದರು.

7. ನಮ್ಮ ನಮೂನೆಯ ಇಪ್ಪತ್ತೆರಡನೇ ಕಾಲಂ “ದಿನಕ್ಕೆ ಎಷ್ಟು ಚಟುವಟಿಕೆ?” ಎಂದು ಕೇಳುತ್ತದಲ್ಲವೇ, ಅದರ ದೆಸೆಯಿಂದ ಹತ್ತು ನಿಮಿಷಕ್ಕೊಮ್ಮೆ ಗಂಟೆ. ಹತ್ತಕ್ಕೆ ಬಣ್ಣ. ಹತ್ತೂ ಹತ್ತಕ್ಕೆ ಆಕಾರ. ಹತ್ತೂ ಇಪ್ಪತ್ತರಿಂದ ಹತ್ತೂವರೆಯವರೆಗೆ ವೇಳಾಪಟ್ಟಿಯಲ್ಲಿ ‘ಸಂತೋಷ’ ಎಂದು ಬರೆದಿದೆ. ಚಾರ್ಟ್ ಮಿಸ್ ಪಾಪ ಒಳ್ಳೆಯ ಹುಡುಗಿ, ಕಾಲು ಊದಿಕೊಂಡಿದ್ದರೂ ನಗುನಗುತ್ತಾ “ಸಂತೋಷ ಮುಗೀತು ಮಕ್ಕಳೇ, ಈಗ ಹಣ್ಣುಗಳು!” ಎನ್ನುತ್ತಿದ್ದಳು. ಒಬ್ಬ ಹುಡುಗ ನೀಲಿ ಬಣ್ಣದಲ್ಲಿ ಕೈಯಿಟ್ಟು ಆಗತಾನೇ ಕಣ್ಣರಳಿಸಿದ್ದ. ಅಷ್ಟರಲ್ಲಿ ಗಂಟೆ ಹೊಡೆಯಿತು, ಕೈ ಒರೆಸಿದರು, ಎದುರಿಗೆ ತ್ರಿಕೋನ ಹಿಡಿದರು. ಅವನು ಆ ತ್ರಿಕೋನವನ್ನು ಕಚ್ಚಿದ. ಆಮೇಲೆ ಪಕ್ಕದವನನ್ನೂ ಕಚ್ಚಿದ.

ನಮ್ಮ ಊಂಹೂಂ ಸಾಹೇಬರು ಮೂರು ದಿನವೂ ನನ್ನ ಪ್ಯಾಂಟಿನ ಮಡಿಕೆ ಹಿಡಿದು ಅತ್ತರು.

8. ನಾಲ್ಕನೇ ದಿನ ಮೊಮ್ಮಗ ಕಾಣೆಯಾದ. ನಾನು ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಪ್ಯಾಂಟಿನ ಬಳಿ ಯಾರೂ ಇಲ್ಲ. ಮಗಳಿಗೆ ಏನು ಹೇಳಲಿ, ಹೆಂಡತಿಗೆ ಹೇಗೆ ಮುಖ ತೋರಿಸಲಿ! ಹೊರಬಾಗಿಲ ಚಿಲಕ ನೋಡಿದೆ, ಭದ್ರವಾಗಿತ್ತು. ಪಾಯಿಖಾನೆ ನೋಡಿದೆ. ನನ್ನ ಪರದಾಟ ಕಂಡು ಚಾರ್ಟ್ ಮಿಸ್ ಹತ್ತಿರ ಬಂದು ಪಿಸುಗುಟ್ಟಿದಳು.

“ಗಾಬರಿ ಬೇಡ ಸಾರ್. ಬಟ್ಟೆ ಕೋಣೇಲಿ ಇದ್ದಾನೆ. ನಾನು ಇಲ್ಲಿಂದಾನೇ ನೋಡ್ತಾ ಇರ್ತೀನಿ, ತಲೆ ಲೆಕ್ಕ ತಪ್ಪಿಲ್ಲ. ದೊಡ್ಡ ಮೇಡಂಗೆ ಮಾತ್ರ ಹೇಳ್ಬೇಡಿ, ದಮ್ಮಯ್ಯ.”

ಮೊಮ್ಮಗನೂ ಸೇರಿ ಹತ್ತು ಮಕ್ಕಳಲ್ಲಿ ಬಣ್ಣ, ಆಕಾರ, ಸಂತೋಷ ಕಲಿಯಲು ಉಳಿದಿದ್ದವರು ಐವರೇ ಎಂಬುದನ್ನು ನಾನು ಆಗ ಗಮನಿಸಿದೆ. ಇಪ್ಪತ್ತೆರಡು ವರ್ಷದ ಅನುಭವ!

9. ಬಟ್ಟೆ ಕೋಣೆಗೆ ಇರುವುದು ಅರ್ಧ ಬಾಗಿಲು. ನಾನು ಅದರ ಮೇಲಿಂದ ಇಣುಕಿದೆ. ಕಿಟಕಿಯ ಬಿಸಿಲಲ್ಲಿ ಕೂತಕ್ಕ ಕೂತಿದ್ದರು. ಸುತ್ತ ಒಗೆದ ಬಟ್ಟೆಯ ರಾಶಿ, ರಾಶಿಯ ನಡುವೆ ಐದು ಮಕ್ಕಳು. ಶೂ ಹುಡುಗಿ ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದಳು. ಕಚ್ಚುವವನು ಎರಡೂ ಕೈಯಿಂದ ಕ್ಲಿಪ್ ಒತ್ತಿ ಒತ್ತಿ ಹಗ್ಗಕ್ಕೆ ಸಿಕ್ಕಿಸುತ್ತಿದ್ದ. ಅವನ ಸಿಟ್ಟೆಲ್ಲ ಆ ಕ್ಲಿಪ್ಪಿಗೆ ಹೋಗುತ್ತಿತ್ತು. ಸದಾ ಚಮಚ ಹಿಡಿದು ತಿರುಗುವ ಒಬ್ಬಳು ಗುಂಡಿಗಳನ್ನು ಡಬ್ಬಿಗೆ ಬಡಿಸುತ್ತಿದ್ದಳು. ನಿದ್ದೆಗಣ್ಣಿನ ಒಬ್ಬ ಹೊದಿಕೆಗಳ ಮೇಲೆ ಮಲಗಿದ್ದ, ಅವನ ಅಂಗಾಲು ಕೂತಕ್ಕನ ಅಂಗೈಯಲ್ಲಿತ್ತು. ನನ್ನ ಮೊಮ್ಮಗ ಟವೆಲ್ಲು ಕೊಡುತ್ತಿದ್ದ, ಅವರು ಒಂದೇ ಕೈಯಲ್ಲಿ ಮಡಿಸುತ್ತಿದ್ದರು.

“ಹಸಿರು ಅಂಚಿಂದು ಕೊಟ್ಯಾ? ಇದು ಇನ್ನೂ ಬೆಚ್ಚಗಿದೆ ನೋಡು, ಕೆನ್ನೆಗೆ ಇಟ್ಕೋ. ಬೆಚ್ಚಗಿದೆಯಾ?”

“ಊಂಹೂಂ,” ಎಂದ ಸಾಹೇಬ, ಕೆನ್ನೆಯನ್ನು ಟವೆಲ್ಲಿಗೆ ಒತ್ತಿಕೊಂಡು.

“ಹೌದಾ? ನನಗೆ ಬೆಚ್ಚಗೆ ಅನ್ನಿಸ್ತು. ಇನ್ನೊಂದು ಕೊಡ್ತೀಯಾ, ನೋಡೋಣ.”

ಅವನು ಬಗ್ಗಿ, ರಾಶಿಯಿಂದ ಒಂದನ್ನು ಎಳೆದು, ಸ್ಪಷ್ಟವಾಗಿ “ಇನ್ನೊಂದು” ಎಂದ. ಮಾನ್ಯರೇ, ನಾನು ಬಾಗಿಲ ಮೇಲೆ ಕೈಯೂರಿಕೊಂಡೆ. ಕೂತಕ್ಕ ಚಪ್ಪಾಳೆ ತಟ್ಟಲಿಲ್ಲ, ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಕೈ ಚಾಚಿ “ಹ್ಞಾಂ, ಇನ್ನೊಂದು,” ಎಂದರು. ಅವನು ಹದಿನಾಲ್ಕು ಸಲ ಹೇಳಿದ, ಅವರು ಹದಿನಾಲ್ಕು ಸಲವೂ ಅಷ್ಟೇ ಆಸಕ್ತಿಯಿಂದ ಕೈ ಚಾಚಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ, “ಬನ್ನಿ ಸಾರ್, ಕೂತ್ಕೊಳ್ಳಿ,” ಎಂದರು. ಈ ಬಾರಿ ಕೂತೆ.

10. ಐದನೇ ದಿನದ ಒಂದು ಘಟನೆಯನ್ನು ದಾಖಲಿಸುವುದು ಅಗತ್ಯ. ಕಚ್ಚುವವನೂ ಶೂ ಹುಡುಗಿಯೂ ಒಂದೇ ಟವೆಲ್ಲಿಗೆ ಜೋತುಬಿದ್ದರು. “ನಂದು!” “ನಂದು!” ನಾನು ಎದ್ದೆ. ಜಗಳ ಬಿಡಿಸುವುದು, ಟವೆಲ್ಲು ಕಿತ್ತುಕೊಳ್ಳುವುದು, ಇಬ್ಬರಿಗೂ ಬುದ್ಧಿ ಹೇಳುವುದು ಎಂಬ ಮೂರು ಕ್ರಮಗಳು ನನ್ನ ಮನಸ್ಸಿನಲ್ಲಿದ್ದವು.

“ಒಂದೇ ನಿಮಿಷ ಇರಿ ಸಾರ್,” ಎಂದರು ಕೂತಕ್ಕ. ಎದ್ದವರೇ ಹತ್ತಿರ ಸರಿದು ಮತ್ತೆ ಕೂತರು, ಕಚ್ಚಲು ಹೋದರೆ ಕೈ ಅಡ್ಡ ಹಿಡಿಯುವಷ್ಟು ಹತ್ತಿರ. ಇಬ್ಬರೂ ಎಳೆದರು, ಕೆಂಪಗಾದರು, ದಣಿದರು. ದಣಿದವರು ಒಬ್ಬರ ಕಡೆ ಒಬ್ಬರು ಎರಡು ಹೆಜ್ಜೆ ಬಂದರು. ಟವೆಲ್ಲು ನಡುವೆ ಜೋಲುಬಿತ್ತು, ಎರಡು ತುದಿಯೂ ಒಂದಕ್ಕೊಂದು ತಾಗಿದವು.

“ಅಯ್ಯೋ, ಉದ್ದ ಇದ್ದಿದ್ದು ಗಿಡ್ಡ ಆಗೋಯ್ತಲ್ಲ!” ಎಂದರು ಕೂತಕ್ಕ.

ಇಬ್ಬರೂ ಟವೆಲ್ಲು ನೋಡಿದರು. “ಇನ್ನೂ ಗಿಡ್ಡ ಮಾಡ್ತೀನಿ,” ಎಂದ ಕಚ್ಚುವವನು. ಅವತ್ತು ಅವರಿಬ್ಬರೇ ಇಪ್ಪತ್ತಾರು ಟವೆಲ್ಲು ಮಡಿಸಿದರು. ಮಡಿಕೆಗಳು ಸೊಟ್ಟಗಿದ್ದವು ಎಂಬುದನ್ನು ನಿಷ್ಪಕ್ಷಪಾತವಾಗಿ ನಮೂದಿಸುತ್ತೇನೆ.

11. ಹಳೆಯ ಚಾಳಿ ಬಿಡದೆ ನಾನು ಜೇಬಿನ ಡೈರಿಯಲ್ಲಿ ಲೆಕ್ಕ ಇಟ್ಟೆ. ಬೆಳಗಿನ ಒಂದು ಗಂಟೆಯ ಅವಧಿಯಲ್ಲಿ ನಲವತ್ತೊಂದು ಅಂಕದ ಕೋಣೆಯಲ್ಲಿ ಗಂಟೆ ಬಾರಿಸಿದ್ದು ಆರು ಸಲ, ತೋರಿಸಿದ ಚಾರ್ಟ್ ಆರು, ಮಕ್ಕಳು ಕೇಳಿದ ಪ್ರಶ್ನೆ ನಾಲ್ಕು, ಸಿಕ್ಕ ಉತ್ತರ ಒಂದು, ಅದು “ಆಮೇಲೆ.” ಮರುದಿನ ಅದೇ ಹೊತ್ತಿನಲ್ಲಿ ಬಟ್ಟೆ ಕೋಣೆಯಲ್ಲಿ ಚಾರ್ಟ್ ಸೊನ್ನೆ, ಪ್ರಶ್ನೆ ಅರವತ್ತಮೂರು, ಅದರಲ್ಲಿ ಹತ್ತೊಂಬತ್ತು “ಯಾಕೆ?”, ಉತ್ತರ ಅರವತ್ತಮೂರು. ಕೆಲವಕ್ಕೆ ಉತ್ತರ “ನಂಗೂ ಗೊತ್ತಿಲ್ವಲ್ಲ, ನೋಡೋಣ್ವಾ?” ಎಂದಿತ್ತು, ಅದನ್ನೂ ಸೇರಿಸಿದ್ದೇನೆ. ಯಾರಿಗೆ ಮೂತ್ರ ಬಂದಿದೆ ಎಂಬುದು ಆ ಮಗುವಿಗೆ ತಿಳಿಯುವ ಮೊದಲೇ ಕೂತಕ್ಕನಿಗೆ ತಿಳಿಯುತ್ತಿತ್ತು. ಯಾರು ಯಾವ ಭುಜದ ಮೇಲೆ ನಿದ್ದೆ ಹೋಗುತ್ತಾರೆ, ಯಾರಿಗೆ ಬಾಳೆಹಣ್ಣು ಮುರಿದು ಕೊಡಬಾರದು, ಯಾರಿಗೆ ಮುರಿದೇ ಕೊಡಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಇದಕ್ಕೆಲ್ಲ ನಮ್ಮ ನಮೂನೆಯಲ್ಲಿ ಕಾಲಂ ಹುಡುಕಿದೆ. ನಲ್ಲಿಗೆ ಮೂರು ಕಾಲಂ ಇವೆ.

“ಆ ಶೂ ಹನ್ನೊಂದು ನಿಮಿಷ ಆದ್ರೂ ಯಾಕಮ್ಮಾ ನೀವು ಹಾಕಿಕೊಡ್ಲಿಲ್ಲ?” ಎಂದು ಕೇಳಿಯೇ ಬಿಟ್ಟೆ, ಅವರಿಗೆ ನನ್ನ ಗುರುತು ಹತ್ತಿಲ್ಲವೆಂದು ನಂಬಿ, ಯಾರೋ ಹೇಳಿದ್ದನ್ನು ಕೇಳಿದವನ ಧಾಟಿಯಲ್ಲಿ.

“ಹಾಕೋದು ಒಂದು ನಿಮಿಷದ ಕೆಲಸ ಸಾರ್. ಆದ್ರೆ ಅವತ್ತು ಅವಳು ನನ್ನ ಕಡೆ ನೋಡ್ಲೇ ಇಲ್ಲ. ನೋಡಿದ್ರೆ ಸಹಾಯ ಬೇಕು ಅಂತ. ನೋಡದೆ ಇದ್ರೆ ಇನ್ನೂ ಕೆಲಸ ನಡೀತಿದೆ ಅಂತ. ನಡುವೆ ಕೈ ಹಾಕಿದ್ರೆ ಆ ಕೆಲಸ ನಂದಾಗ್ಬಿಡುತ್ತೆ.” ಆಮೇಲೆ ನಕ್ಕು, “ಅದ್ಯಾರೋ ಸಾಹೇಬ್ರು ‘ಸುಮ್ಮನೆ ಕೂತಿದ್ರು’ ಅಂತ ಬರೆದ್ರಂತೆ. ಸುಳ್ಳೇನಲ್ಲ ಬಿಡಿ, ಕೂತೇ ಇದ್ದೆ,” ಎಂದರು.

ನಾನು ಒಂದು ಎದೆಬಟ್ಟೆಯನ್ನು ಬಹಳ ಹೊತ್ತು ಮಡಿಸಿದೆ.

12. ಅವತ್ತು ಸಂಜೆ ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಊಂಹೂಂ ಸಾಹೇಬರು ಅಷ್ಟರಲ್ಲಿ “ಇನ್ನೊಂದು” ಎನ್ನುತ್ತಾ ಅಜ್ಜಿಯ ಸೀರೆಗಳನ್ನು ಬೀರುವಿನಿಂದ ಒಂದೊಂದಾಗಿ ತೆಗೆದು ಕೊಡುತ್ತಿದ್ದರು. ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ ಎಲ್ಲವನ್ನೂ ಇಸಿದುಕೊಳ್ಳುತ್ತಿದ್ದಳು. ನನ್ನ ಮಾತು ಮುಗಿದ ಮೇಲೆ ಅವಳು ಕೊಟ್ಟ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸುತ್ತೇನೆ.

“ಇದೇನು ಹೊಸದಾ ನಿಮಗೆ? ಮಗಳು ಚಿಕ್ಕವಳಿದ್ದಾಗ ಯಾರಾದ್ರೂ ‘ನಿಮ್ಮನೆಯವರು ಏನ್ಮಾಡ್ತಾರೆ’ ಅಂತ ಕೇಳಿದ್ರೆ ಏನಂತಿದ್ರಿ? ‘ಏನಿಲ್ಲ, ಮನೇಲಿ ಸುಮ್ಮನೆ ಇದ್ದಾಳೆ’ ಅಂತಿದ್ರಿ. ಆ ಸುಮ್ಮನೆ ಇರೋದ್ರಲ್ಲೇ ನಿಮ್ಮ ಮಗಳು ಮಾತು ಕಲಿತಳು, ನಡೆಯೋದು ಕಲಿತಳು. ಒಂದು ದಿನ ಸುಮ್ಮನೆ ಇದ್ದು ನೋಡಿದ್ರೆ ಗೊತ್ತಾಗ್ತಿತ್ತು ನಿಮಗೆ.”

ಇದಕ್ಕೆ ಪ್ರತ್ಯುತ್ತರ ಸಲ್ಲಿಸುವ ಅವಧಿ ಮೂವತ್ತು ವರ್ಷದ ಹಿಂದೆಯೇ ಮುಗಿದಿರುವ ಕಾರಣ ನಾನು ಸೀರೆ ಮಡಿಸಲು ಕೂತೆ. ಮಡಿಸುತ್ತಾ ಈ ಪದದ ಬಗ್ಗೆ ಯೋಚಿಸಿದೆ. ಕೆಲಸ ಮಾಡದವನೂ ಸುಮ್ಮನೆ ಕೂರುತ್ತಾನೆ. ಯಾಕೆ ಬಂದೆ ಎಂದು ಕೇಳಿದರೆ ಪ್ರೀತಿಯಿಂದ ಬಂದವನೂ ‘ಸುಮ್ಮನೆ’ ಎನ್ನುತ್ತಾನೆ. ಅಳುವ ಮಗು ನಂಬುವ ಕೈ ಸಿಕ್ಕಿದರೆ ಸುಮ್ಮನಾಗುತ್ತದೆ. ಇಷ್ಟು ಅರ್ಥಗಳಿರುವಾಗ ನಾನು ಅವುಗಳಲ್ಲಿ ಅತಿ ಅಗ್ಗದ್ದನ್ನು ಆರಿಸಿ ಒಬ್ಬರ ಹೆಸರಿನ ಮುಂದೆ ಬರೆದೆ. ನನಗೆ ನಾಚಿಕೆಯಾಗಿದೆ.

13. ಎಂಟನೇ ತಾರೀಖು ಚಾರ್ಟ್ ಮಿಸ್ ಬಂದು ಹೇಳಿದ್ದು: ತಿಂಗಳ ಕೊನೆಯಿಂದ ಬಟ್ಟೆಯೆಲ್ಲ ಎದುರಿನ ಲಾಂಡ್ರಿಗೆ. ಬಟ್ಟೆ ಕೋಣೆ ಮುಚ್ಚಲಾಗುವುದು. ಕೂತಕ್ಕನ ಕೆಲಸ ಮೂವತ್ತನೇ ತಾರೀಖು ಸಂಜೆ ಐದಕ್ಕೆ ಕೊನೆ. ನಾನು ದೊಡ್ಡ ಮೇಡಂ ಬಳಿ ಓಡಿದೆ. ಕೂತಕ್ಕನನ್ನು ನಡುವಿನ ಕೋಣೆಗೆ ವಾಪಸ್ ಕರೆಸಿಕೊಳ್ಳಿ ಎಂದು ಅಂಗಲಾಚಿದೆ.

“ನನಗೇನು ಬೇಡವಾ ಸಾರ್? ಅಂಥ ಕೈ ಎಲ್ಲಿ ಸಿಗುತ್ತೆ? ಆದ್ರೆ ನಿಮ್ಮ ವರದಿಯಲ್ಲಿ ಆ ಮಾತು ಇರೋವರೆಗೂ ಅವರನ್ನ ಮಕ್ಕಳ ಕೋಣೆಗೆ ಹಾಕಿದ್ರೆ ನನ್ನ ಪರವಾನಗಿ ಹೋಗುತ್ತೆ. ನಿಮ್ಮ ಆಫೀಸಿಂದಾನೇ ಆ ಪದ ತೆಗೆಸ್ಕೊಂಡು ಬನ್ನಿ. ಅವತ್ತೇ ಚಾಪೆ ಇಳಿಸ್ತೀನಿ.”

ಹೀಗೆ ಹತ್ತನೇ ತಾರೀಖಿನ ಅರ್ಜಿ, ಹೀಗೆ ತಮ್ಮ ಹಸಿರು ಶಾಯಿ.

14. ಹತ್ತೊಂಬತ್ತನೇ ತಾರೀಖು ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಇನ್ನು ತಡೆಯಲಾಗಲಿಲ್ಲ.

“ಒಂದು ವಿಷಯ ಹೇಳ್ಬೇಕಮ್ಮಾ. ಆ ವರದಿ ಬರೆದಿದ್ದು ನಾನೇ.”

ಕೂತಕ್ಕ ನಿದ್ದೆಗಣ್ಣಿನವನ ಅಂಗಾಲು ಸವರುವುದನ್ನು ನಿಲ್ಲಿಸಲಿಲ್ಲ. “ಗೊತ್ತು ಸಾರ್.”

“ಯಾವಾಗಿಂದ?”

“ಮೊಮ್ಮಗನ್ನ ಹುಡುಕ್ಕೊಂಡು ಬಂದ್ರಲ್ಲ, ಅವತ್ತಿಂದ. ಬಾಗಿಲಲ್ಲಿ ಅದೇ ಥರ ನಿಂತಿದ್ರಿ.”

“ಮತ್ತೆ ಒಂದು ಮಾತೂ ಬೈಲಿಲ್ಲ? ಕೇಳ್ಲೂ ಇಲ್ಲ?”

“ಕೇಳಿದ್ರೆ ನೀವು ಎದ್ದು ಹೋಗ್ತಿದ್ರಿ. ಹೊಸದಾಗಿ ಬಂದೋರು ಕೆಲವರು ಹಾಗೇ ಸಾರ್, ಬಾಗಿಲು ಬಿಟ್ಟು ಬರೋಕೇ ಎರಡು ವಾರ ಬೇಕು. ಎಳ್ಕೊಂಡು ಬಂದು ಕೂರಿಸಿದ್ರೆ ಇನ್ನೂ ಹಟ. ನಾವು ಇಲ್ಲೇ ಇದ್ದೀವಿ ಅಂತ ಕಂಡ್ರೆ ಸಾಕು, ಅವ್ರಾಗೇ ಬರ್ತಾರೆ.”

ಐವತ್ತಾರು ವರ್ಷದ, ಹಿರಿಯ ಶ್ರೇಣಿಯ ನಾನು ಎರಡು ವರ್ಷದವರ ಪಟ್ಟಿಗೆ ಸೇರಿಹೋದೆ. ಅವಮಾನವಾಗಬೇಕಿತ್ತು, ಆಗಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ನನಗಾಗಿ ಅಷ್ಟು ತಾಳ್ಮೆಯಿಂದ ಕಾದಿರಲಿಲ್ಲ. ಕಣ್ಣು ತುಂಬಿ ಬಂತು. ಅವರು ಒಂದು ಟವೆಲ್ಲು ಕೊಟ್ಟರು.

15. ಆದ್ದರಿಂದ ತಮ್ಮ ಪ್ರಶ್ನೆಗೆ ಉತ್ತರ. ನನ್ನ ಕಣ್ಣು ತಪ್ಪಿಲ್ಲ: ಅವರು ಕೂತಿದ್ದುದು, ಕೈ ಮಡಿಲಲ್ಲಿದ್ದುದು, ಹನ್ನೊಂದು ನಿಮಿಷ, ಎಲ್ಲವೂ ಸರಿಯಾಗಿ ಕಂಡಿತ್ತು. ನನ್ನ ಕೈಯೂ ತಪ್ಪಿಲ್ಲ: ಬರೆಯಬೇಕೆಂದುಕೊಂಡದ್ದನ್ನೇ ದುಂಡಾಗಿ ಬರೆಯಿತು. ತಪ್ಪಿದ್ದು ಇವೆರಡರ ನಡುವಿನ ಜಾಗದಲ್ಲಿ, ಕನ್ನಡಕಕ್ಕಿಂತ ಸ್ವಲ್ಪ ಮೇಲೆ. ಅದಕ್ಕೆ ನಿಯಮದಲ್ಲಿ ಹೆಸರಿಲ್ಲ. ‘ಬುದ್ಧಿತಪ್ಪು’ ಎಂದು ಸೂಚಿಸುತ್ತೇನೆ. ನಮ್ಮ ಕಚೇರಿಯ ಮಟ್ಟಿಗೆ ಇದು ಬಹಳ ಬಳಕೆಗೆ ಬರುವ ಸಾಧ್ಯತೆಯಿದೆ.

ಮೇಲಿನ ಕಾರಣಗಳಿಂದಾಗಿ ತಾವು ದಯಮಾಡಿ,

(ಅ) ಹದಿನೇಳನೇ ಕಾಲಂನಿಂದ ‘ಸುಮ್ಮನೆ’ ಎಂಬ ಒಂದು ಪದವನ್ನು ಹೊಡೆದುಹಾಕಲು ಅನುಮತಿ ನೀಡಬೇಕು. ‘ಕೂತಿದ್ದರು’ ಎಂಬುದು ಉಳಿಯಲಿ. ಅದಕ್ಕೆ ಪೂರ್ತಿ ಅಂಕ ಕೊಡುವವನಿದ್ದೇನೆ. “ಸಹಾಯ ಮಾಡಲಿಲ್ಲ” ಎಂಬುದರ ಮುಂದೆ “ಅಗತ್ಯವಿರಲಿಲ್ಲ, ಕೊನೆಗೆ ಮಗುವೇ ಹಾಕಿಕೊಂಡಿತು” ಎಂದು ಸೇರಿಸಲು ಅವಕಾಶ ಕೊಡಬೇಕು. ಕೂತಕ್ಕ ಈಗ ಹೇಳಿದಂತೆ, ಆ ದಿನ ಹನ್ನೆರಡನೇ ನಿಮಿಷದಲ್ಲಿ ಶೂ ಕಾಲಿಗೆ ಸೇರಿದಾಗ ನಾನು ನಲ್ಲಿ ನೋಡಲು ಹೋಗಿದ್ದೆ.

(ಆ) ಬುದ್ಧಿತಪ್ಪನ್ನು ಒಪ್ಪಿಕೊಳ್ಳಲು ನಿಯಮ ಅಡ್ಡಬಂದರೆ, ಒಂಬತ್ತನೇ ನಿಯಮವನ್ನು ನೆನಪಿಸಬಯಸುತ್ತೇನೆ: ಅರ್ಹತೆ ಇಲ್ಲದವರು ಬರೆದ ವರದಿ ತಾನಾಗಿಯೇ ರದ್ದು, ಯಾರ ಸಹಿಯೂ ಬೇಕಿಲ್ಲ. ಹಾಗಾಗಿ ವರದಿಯಲ್ಲಿ ‘ಪರಿಶೀಲಕರ ಅರ್ಹತೆ’ ಎಂಬಲ್ಲಿ ‘ಇಲ್ಲ’ ಎಂದು ನಮೂದಿಸಲು ನನ್ನ ಪೂರ್ಣ ಒಪ್ಪಿಗೆ ಇದೆ. ಇದರಿಂದ ಬಡ್ತಿ ನಿಲ್ಲುತ್ತದೆ ಎಂಬುದು ತಿಳಿದಿದೆ. ಬಡ್ತಿ ಬಂದರೆ ಫ್ಯಾನ್ ಇರುವ ಕಡೆ ಕೂರಬಹುದಿತ್ತು, ಅಷ್ಟೇ.

(ಇ) ಏನೇ ಆದೇಶವಾಗಲಿ, ಮೂವತ್ತನೇ ತಾರೀಖು ಐದು ಗಂಟೆಯೊಳಗೆ ಆಗಬೇಕು. ಕಡತವನ್ನು ಹನ್ನೆರಡು ಹೆಜ್ಜೆ ನಾನೇ ಹೊತ್ತುಕೊಂಡು ಬರಲು ಸಿದ್ಧ.

ಇಷ್ಟರ ಮೇಲೂ ತಮ್ಮ ವಿಶ್ವಾಸ ಉಳಿದಿದ್ದರೆ ಅದಕ್ಕೆ ಪಾತ್ರನಾದ, ತಮ್ಮ ವಿಶ್ವಾಸಿ,

(ಸಹಿ)
ಪರಿಶೀಲನಾ ಸಹಾಯಕ

ಸ್ಥಳ: ಬಟ್ಟೆ ಕೋಣೆ, ನೆಲ.
ದಿನಾಂಕ: ಇಪ್ಪತ್ತೊಂದು.

ಲಗತ್ತುಗಳು:
1. ಜೇಬಿನ ಡೈರಿಯ ಏಳು ಹಾಳೆ. ಅರವತ್ತಮೂರು ಪ್ರಶ್ನೆಗಳ ಪಟ್ಟಿ ಸಹಿತ. ನಲವತ್ತನೇ ಪ್ರಶ್ನೆಗೆ (“ನೆರಳು ಒದ್ದೆ ಯಾಕಾಗಲ್ಲ?”) ತಮಗೆ ಉತ್ತರ ಗೊತ್ತಿದ್ದರೆ ತಿಳಿಸುವುದು.
2. ಚಾರ್ಟ್ ಮಿಸ್ ಅವರ ಒಪ್ಪಿಗೆ ಪತ್ರ. ನಡುವಿನ ಕೋಣೆಯಲ್ಲಿ ಕೂತಕ್ಕನ ಕೈಕೆಳಗೆ ಕೂತು ಕೆಲಸ ಕಲಿಯಲು ಸಿದ್ಧಳೆಂದು. ‘ಕೂತು’ ಎಂಬುದಕ್ಕೆ ಅವರೇ ಎರಡು ಗೆರೆ ಎಳೆದಿದ್ದಾರೆ.
3. ನನ್ನ ಅನರ್ಹತೆಯನ್ನು ದೃಢೀಕರಿಸಿ ನನ್ನ ಹೆಂಡತಿ ಸ್ವಇಚ್ಛೆಯಿಂದ ಬರೆದುಕೊಟ್ಟ ಪ್ರಮಾಣಪತ್ರ, ನಾಲ್ಕು ಪುಟ. ಸಾಲದಿದ್ದರೆ ಇನ್ನಷ್ಟು ಒದಗಿಸುವುದಾಗಿ ತಿಳಿಸಿದ್ದಾಳೆ.
4. ಒಂದು ಮಡಿಸಿದ ಎದೆಬಟ್ಟೆ. ಇದು ಕಡತಕ್ಕೆ ಹೇಗೆ ಸೇರಿತೆಂದು ತಿಳಿಯದು. ಮೊಮ್ಮಗನ ಮೇಲೆ ಸಂಶಯವಿದೆ.

ವಿಶೇಷ ಸೂಚನೆ: ಒಂದು ವೇಳೆ ಅರ್ಜಿ ತಿರಸ್ಕೃತವಾದಲ್ಲಿ, ಮೂವತ್ತೊಂದನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ ಐದು ಮಕ್ಕಳು ಎಂದಿನಂತೆ ಅರ್ಧ ಬಾಗಿಲ ಬಳಿ ಬರುತ್ತಾರೆ. ಕೂತಕ್ಕ ಎಲ್ಲಿ ಎಂದು ಕೇಳುತ್ತಾರೆ. ಅದಕ್ಕೆ ಕಚೇರಿಯ ಪರವಾಗಿ ಉತ್ತರಿಸಲು ಒಬ್ಬ ಸಮರ್ಥ ಅಧಿಕಾರಿಯನ್ನು ನಿಯೋಜಿಸಬೇಕಾಗಿ ಕೋರುತ್ತೇನೆ. ಅವರು ಎರಡು ವರ್ಷದವರಿಗೆ ಅರ್ಥವಾಗುವಂತೆ ಹೇಳಬಲ್ಲವರಾಗಿರಬೇಕು, ಮತ್ತು “ಯಾಕೆ?” ಎಂದು ಎಷ್ಟು ಸಲ ಕೇಳಿದರೂ ಉತ್ತರ ಕೊಡಬಲ್ಲವರಾಗಿರಬೇಕು. ನನ್ನನ್ನು ಈ ಕೆಲಸಕ್ಕೆ ಪರಿಗಣಿಸಬಾರದು. ನನಗೆ ಉತ್ತರ ಗೊತ್ತಿದೆ.